ಗೇಣುದ್ದದ ಇಂಜಿನ್ನಿಗೆ ಮಸಿ ಹಿಡಿಸುವ ಸಂಜೀವಪ್ಪ

ದೊಡ್ಡಬಳ್ಳಾಪುರದ ಕೋಳಿಗಳಿಗೆ ಬೆಳಗಾಯಿತೆಂದು ತಿಳಿಯುವುದೇ ಸಂಜೀವಪ್ಪ ಕೆಮ್ಮಿದ ಮೇಲೆ. ಈ ಸಲದ ಆಯುಧಪೂಜೆಯ ದಿನವೂ ಹಾಗೆಯೇ. ಊರಿನ ಮಗ್ಗಗಳೆಲ್ಲ ಹಬ್ಬದ ರಜೆಯೆಂದು ಮೈಮುರಿಯುತ್ತ ಮಲಗಿವೆ. ಈ ಮನುಷ್ಯ ಮಾತ್ರ ಕಂಬಳಿಯನ್ನು ಹೆಗಲಿಗೇರಿಸಿ, ಎಡಗಾಲು ಎಳೆದುಕೊಂಡು ನಡೆದು ಬಂದು, ಸ್ಟೇಷನ್ನಿನಲ್ಲಿ ಇಂಜಿನ್ನಿಗೆ ನೀರು ಬಿಡುವ ಕಂಬದ ಬುಡದಲ್ಲಿ ನಿಂತಿದ್ದಾನೆ. ಆರೂ ಹತ್ತಕ್ಕೆ ಬೆಂಗಳೂರಿನ ಗಾಡಿ ಬರುತ್ತದೆ. ನೀರು ತುಂಬಲು ಆರು ನಿಮಿಷ. ಆ ಆರು ನಿಮಿಷದಲ್ಲಿ ಸಂಜೀವಪ್ಪ ಕಾಣುವಷ್ಟನ್ನು ನಾವೂ ನೀವೂ ಆರು ಜನ್ಮವೆತ್ತಿದರೂ ಕಾಣಲಾರೆವು.

೪೦೭ನೇ ನಂಬರಿನ ಇಂಜಿನ್ನು ಬಂದು ನಿಲ್ಲುತ್ತದೆ. ಸಂಜೀವಪ್ಪ ಕುಕ್ಕರುಗಾಲಲ್ಲಿ ಕೂತು ಗಾಲಿಗೆ ಮೂಗು ತಾಗಿಸುವಷ್ಟು ಹತ್ತಿರ ಹೋಗುತ್ತಾನೆ. ಬೆರಳಿನಿಂದ ಒಂದು ಕಡೆ ಒರೆಸಿ, ಮೂಸಿ ನೋಡಿ, ದಪ್ಪ ರಟ್ಟಿನ ಪುಸ್ತಕದ ಹಾಳೆಗೆ ಆ ಬೆರಳನ್ನು ಉಜ್ಜುತ್ತಾನೆ. ಪಕ್ಕದಲ್ಲಿ ಸೀಸದಕಡ್ಡಿಯಿಂದ ತಾರೀಖು, ಗಾಲಿಯ ಲೆಕ್ಕ, ಕಲೆಯ ಉದ್ದಗಲ. ಮೂರು ವರ್ಷದಿಂದ ತುಂಬಿದ ಆ ಪುಸ್ತಕದಲ್ಲಿ ನೂರಾ ಎಂಟು ಬಗೆಯ ಕಪ್ಪುಗಳಿವೆ. ಅಮಾವಾಸ್ಯೆಯ ಆಕಾಶವೂ ನಾಚಿ ಬೆಳ್ಳಗಾಗಬೇಕು.

"ಜನ ಇಂಜಿನ್ ಕಪ್ಪು ಅಂದ್ಬಿಡ್ತಾರೆ. ಕಪ್ಪು ಎಲ್ಲೈತೆ ಹೇಳಿ?" ಎನ್ನುತ್ತಾನೆ ಸಂಜೀವಪ್ಪ. "ಹೊಗೆಗೂಡಿನ ತಾವ ಸುಟ್ಟ ಕಪ್ಪು, ಗಾಲಿ ತಾವ ಎಣ್ಣೆ ಕಪ್ಪು, ಡ್ರೈವರ್ ಹತ್ತೋವಾಗ ಹಿಡ್ಕೊಳ್ಳೋ ಕಂಬಿ ಮ್ಯಾಲೆ ಬೆವರಿನ ಕಪ್ಪು. ಒಂದಕ್ಕೊಂದು ನೆಂಟಸ್ತಿಕೆನೇ ಇಲ್ಲ."

ಇಷ್ಟೆಲ್ಲ ಯಾಕೆಂದರೆ, ಸಂಜೀವಪ್ಪನ ಕಸುಬೇ ಕೊಳೆ ಮೆತ್ತುವುದು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಒಬ್ಬ ಮುದಿ ಇಂಗ್ಲಿಷ್ ದೊರೆ ಇದ್ದಾರೆ. ರೈಲ್ವೆಯಲ್ಲಿ ದೊಡ್ಡ ಕೆಲಸದಲ್ಲಿದ್ದು ನಿವೃತ್ತರಾದವರು. ಅವರ ಮನೆಯ ಮಹಡಿಯ ತುಂಬ ಕಂಬಿ, ಸ್ಟೇಷನ್ನು, ಸೇತುವೆ, ಸಿಗ್ನಲ್ಲಿನ ಕೈಮರ, ಎಲ್ಲವೂ ಇಲಿಗಳು ಪ್ರಯಾಣ ಮಾಡುವ ಅಳತೆಯಲ್ಲಿ. ಮೊದಲು ಅವರ ಮಾದರಿ ಇಂಜಿನ್ನುಗಳು ಇಂಗ್ಲೆಂಡಿನಿಂದ ಪೆಟ್ಟಿಗೆಯಲ್ಲಿ ಬರುತ್ತಿದ್ದವು. ಈಗ ಯುದ್ಧ, ಹಡಗುಗಳಿಗೆ ಫಿರಂಗಿ ಹೊತ್ತು ಪುರಸೊತ್ತಿಲ್ಲ. ಹಾಗಾಗಿ ಬೆಂಗಳೂರು ಪೇಟೆಯ ಒಬ್ಬ ಕಂಚುಗಾರ ಗೇಣುದ್ದದ ಹಿತ್ತಾಳೆಯ ಒಡಲನ್ನು ಬಡಿದು ಕೊಡುತ್ತಾನೆ. ಬೋಳು ಮೈಯ ಆ ಕೂಸು ಇಲ್ಲಿಗೆ ಬರುತ್ತದೆ. ಅದನ್ನು ಇಂಜಿನ್ನು ಮಾಡುವವನು ಸಂಜೀವಪ್ಪ.

ಅವನ ಲೆಕ್ಕ ಕೇಳಿದರೆ ತಲೆ ಸುತ್ತುತ್ತದೆ. ಒಂದು ಇಂಜಿನ್ನಿಗೆ ಆರುನೂರ ಹದಿನಾಲ್ಕು ಮೊಳೆ, ಪ್ರತಿಯೊಂದೂ ಗುಂಡುಸೂಜಿಯ ತಲೆ ಕತ್ತರಿಸಿ ಅಂಟಿಸಿದ್ದು. ಹನ್ನೊಂದು ಕೊಳವೆ, ಕೆಟ್ಟ ಡೈನಮೋದಿಂದ ಬಿಚ್ಚಿದ ತಾಮ್ರದ ತಂತಿಯವು. ಅಳಿಲು ಬಾಲದ ಕೂದಲಿನ ಮೂರು ಕುಂಚ. ಬಣ್ಣ ಬಳಿಯಲು ಹತ್ತು ದಿನ, ಬಳಿದದ್ದನ್ನು ಕೆಡಿಸಲು ಮೂವತ್ತು ದಿನ. ಲಾಟೀನಿನ ಗಾಜಿನ ಮಸಿ, ಮಜ್ಜಿಗೆಯಲ್ಲಿ ನೆನೆಹಾಕಿದ ಮೊಳೆಯ ತುಕ್ಕು, ಇಟ್ಟಿಗೆ ಪುಡಿ, ಒಲೆಯ ಬೂದಿ, ಎಲೆಅಡಿಕೆಯ ಸುಣ್ಣ, ಎಲ್ಲವನ್ನೂ ತೆಳುವಾದ ಗೋಂದಿನ ನೀರಲ್ಲಿ ಕದಡಿ, ಒಂದರ ಮೇಲೊಂದು ಹಿಡಿಸುತ್ತಾನೆ. ಅದು ಒಣಗಿ ಕೂತ ಮೇಲೆ ನೋಡಿದರೆ, ಆ ಗೇಣುದ್ದದ ಇಂಜಿನ್ನು ಇಪ್ಪತ್ತು ವರ್ಷ ಗುಂತಕಲ್ಲಿನವರೆಗೆ ಓಡಾಡಿ ಸುಸ್ತಾಗಿ ಬಂದಂತೆ ಕಾಣುತ್ತದೆ. ಒಮ್ಮೆ ಒಂದು ಕಾಗೆ ಅದರ ಹೊಗೆಗೂಡು ನೋಡಿ ಕೆಮ್ಮಿತೆಂದು ಬೀದಿಯವರು ಆಣೆ ಮಾಡಿ ಹೇಳುತ್ತಾರೆ.

ಈ ವಿದ್ಯೆ ಬಂದದ್ದು ತಿರುಗಾಮುರುಗಾ ದಾರಿಯಲ್ಲಿ. ಹನ್ನೊಂದು ವರ್ಷ ಸಂಜೀವಪ್ಪ ಬೆಂಗಳೂರಿನ ಇಂಜಿನ್ ಷೆಡ್ಡಿನಲ್ಲಿ ಇಂಜಿನ್ನು ಒರೆಸುವ ಕೆಲಸದಲ್ಲಿದ್ದ. ಕೈಯಲ್ಲಿ ಎಣ್ಣೆ ಬಟ್ಟೆ, ದಿನಕ್ಕೆ ನಾಲ್ಕು ಇಂಜಿನ್ನು. ಒಂದು ದಿನ ಎರಡು ಗಾಡಿಗಳ ನಡುವೆ ಕಾಲು ಸಿಕ್ಕಿತು. ಕಾಲು ಉಳಿಯಿತು, ಕೆಲಸ ಹೋಯಿತು. ಊರಿಗೆ ಬಂದವನು ಹೊಲದ ಕಡೆ ತಿರುಗಿ ನೋಡಲಿಲ್ಲ. ಅವನ ಅಣ್ಣ ಅಪ್ಪಯ್ಯಣ್ಣ ಇವತ್ತಿಗೂ ಸಿಕ್ಕಿದವರೆದುರು ಹಂಗಿಸುತ್ತಾನೆ: "ಹನ್ನೊಂದು ವರ್ಷ ಕೊಳೆ ಒರೆಸ್ದ, ಈಗ ಕೂತ್ಕೊಂಡು ಕೊಳೆ ಮೆತ್ತುತಾವ್ನೆ. ಸಾಲ ತೀರಿಸ್ತಾವ್ನೇನೋ ನಮ್ ಸಂಜೀವ!"

ಹಬ್ಬದ ಬೆಳಗಿಗೆ ಬರೋಣ. ಗಾಡಿ ಹಿಂದೂಪುರದ ಕಡೆ ಹೊರಟಿತು. ಪುಸ್ತಕ ಮುಚ್ಚಿ ಎದ್ದ ಸಂಜೀವಪ್ಪನ ಹೆಗಲ ಮೇಲೆ ಒಂದು ಕೈ ಬೀಳುತ್ತದೆ. ತಿರುಗಿ ನೋಡಿದರೆ ಖಾಕಿ. ಯುದ್ಧಕಾಲದ ಕಂಬಿ ಕಾವಲಿಗೆಂದು ಪೇದೆಯೊಬ್ಬನೊಡನೆ ಹೊಸದಾಗಿ ಬಂದ ಇನ್ಸ್‌ಪೆಕ್ಟರು. ಅವರ ಮೀಸೆಯ ಒಂದು ತುದಿ ಯಲಹಂಕದಲ್ಲಿದ್ದರೆ ಇನ್ನೊಂದು ತುದಿ ಗೌರಿಬಿದನೂರಿನಲ್ಲಿದೆ.

"ಏನೋ ಇದು?"

"ಕೊಳೆ, ಸ್ವಾಮಿ."

"ಕೊಳೆನ ಯಾಕೋ ಬರ್ಕೋತೀಯ?"

"ಮನೇಲಿ ಮೆತ್ತೋಕೆ, ಸ್ವಾಮಿ."

ಸತ್ಯ ಹೇಳಿ ಇಷ್ಟು ಕೆಟ್ಟವನು ಈ ತಾಲ್ಲೂಕಿನಲ್ಲಿ ಮತ್ತೊಬ್ಬನಿಲ್ಲ. ಇನ್ಸ್‌ಪೆಕ್ಟರು ಪುಸ್ತಕ ಕಸಿದು ಓದುತ್ತಾರೆ. "ನಾನೂರ ಏಳು. ಎಡಗಡೆ ಎರಡನೇ ಗಾಲಿ ಹಿಂದೆ ಸೋರ್ತೈತೆ. ದಿನಾ ಹೆಚ್ತಾ ಐತೆ." ಅವರ ಹುಬ್ಬು ಟೋಪಿಯೊಳಗೆ ಹೋಗುತ್ತದೆ. ಹಾಳೆ ಹಾಳೆಗೂ ಇಂಜಿನ್ನಿನ ನಂಬರು, ಬಂದ ಹೊತ್ತು, ಹೋದ ಹೊತ್ತು, ಕೊಳವೆಗಳ ಚಿತ್ರ. ಚಳವಳಿಯಲ್ಲಿ ಕಂಬಿ ಕಿತ್ತವರನ್ನು ಹುಡುಕಿ ಹುಡುಕಿ ಬೇಸತ್ತ ಮನುಷ್ಯನಿಗೆ ಇದಕ್ಕಿಂತ ಹಬ್ಬದೂಟ ಬೇಕೆ?

"ಇದನ್ನ ಜಪಾನಿನೋರಿಗೆ ಕಳಿಸ್ತೀಯೇನೋ?"

"ಜಪಾನಿನೋರು ನಮ್ ಕೊಳೆ ತಗೊಂಡು ಏನ್ ಮಾಡ್ತಾರೆ ಸ್ವಾಮಿ? ಅವರ ಇಂಜಿನ್ನಿಗೂ ಬೇಕಾದಷ್ಟು ಇರ್ತದಲ್ಲ."

ಅಲ್ಲಿಗೆ ಮಾತು ಮುಗಿಯಿತು. ಬೇಡಿಯ ಒಂದು ಬಳೆ ಸಂಜೀವಪ್ಪನ ಎಡಗೈಗೆ, ಇನ್ನೊಂದು ಸ್ಟೇಷನ್ನಿನ ಬೆಂಚಿನ ಕೈಗೆ. ಮಧ್ಯಾಹ್ನ ಮೂರೂ ನಲವತ್ತಕ್ಕೆ ಅದೇ ೪೦೭ ವಾಪಸು ಬರುತ್ತದೆ. ಅದೇ ಗಾಡಿಯಲ್ಲಿ ಬೆಂಗಳೂರಿಗೆ, ಅಲ್ಲಿಂದ ಜೈಲಿಗೆ. ಯುದ್ಧದ ಕಾನೂನಿನಲ್ಲಿ ಹಿಡಿದವರನ್ನು ವಿಚಾರಣೆಯಿಲ್ಲದೆ ಎಷ್ಟು ದಿನ ಬೇಕಾದರೂ ಇಡಬಹುದು. ಅದು ಸಂಜೀವಪ್ಪನಿಗೂ ಗೊತ್ತು.

ಸ್ಟೇಷನ್ ಮಾಸ್ತರು ಎಲೆಅಡಿಕೆ ಜಗಿಯುತ್ತ ಬಂದು ಕೈಮುಗಿಯುತ್ತಾರೆ. "ಸಾರ್, ಇವನು ಆಟದ ಇಂಜಿನ್ನಿಗೆ ಬಣ್ಣ ಬಳಿಯೋನು. ಮೂರು ವರ್ಷದಿಂದ ನೋಡ್ತಾ ಇದ್ದೀನಿ. ಮನೆಯಲ್ಲಿ ಇದೇ ನಾನೂರ ಏಳರದ್ದೇ ಒಂದು ಮಾಡಿಟ್ಟಿದ್ದಾನೆ. ತರಿಸಿ ನೋಡಿ."

"ತರಿಸಿ. ಪುಸ್ತಕದಲ್ಲಿರೋ ಕಲೆಗಳು ಅದರ ಮೇಲೆ ಇದ್ರೆ ಬಿಡ್ತೀನಿ. ಇಲ್ದಿದ್ರೆ ನೀವೂ ನನ್ನ ಜೊತೆ ಹೊರಡಿ ಮಾಸ್ತರೇ."

ಮಾಸ್ತರು ನುಂಗಬಾರದ್ದನ್ನು ನುಂಗಿ, ಒಬ್ಬ ಕೂಲಿಯನ್ನು ಸಂಜೀವಪ್ಪನ ಮನೆಗೆ ಓಡಿಸುತ್ತಾರೆ. ಸಂಜೀವಪ್ಪನಿಗೆ ಜೀವ ಬರುತ್ತದೆ. ನಲವತ್ತು ದಿನದ ಕೆಲಸ ಅದು. ಪುಸ್ತಕದ ಕೊನೆಯ ಐದು ಹಾಳೆಯ ಒಂದೊಂದು ಕಲೆಯೂ ಅದರ ಮೇಲೆ ಇದೆ. ಬಂದರೆ ಸಾಕು, ಅದೇ ಸಾಕ್ಷಿ ಹೇಳುತ್ತದೆ.

ಮನೆಯ ಪೂಜೆ ಮುಗಿಸಿಕೊಂಡು, ಹನ್ನೆರಡು ಹೊಡೆಯುವ ಹೊತ್ತಿಗೆ ಹೆಂಡತಿ ಅಶ್ವತ್ಥಮ್ಮ ತಲೆಯ ಮೇಲೆ ಬುಟ್ಟಿ ಹೊತ್ತು, ಹೊಸ ಸೀರೆಯುಟ್ಟು, ಮುಖವರಳಿಸಿಕೊಂಡು ಬರುತ್ತಾಳೆ. ಗಂಡನ ಕೈಯ ಬೇಡಿ ಕಂಡು ಅವಳ ಮುಖ ಇಳಿಯುವ ಮೊದಲೇ ಬುಟ್ಟಿಯ ಬಟ್ಟೆ ಸರಿದಿದೆ. ಪ್ಲಾಟ್‌ಫಾರಮ್ಮಿನಲ್ಲಿ ಇನ್ನೊಂದು ಸೂರ್ಯ ಹುಟ್ಟಿದ ಹಾಗಾಗುತ್ತದೆ. ಹಿತ್ತಾಳೆಯ ಗುಮ್ಮಟ ಫಳಫಳ, ಗಾಲಿ ಫಳಫಳ. ಇಂಜಿನ್ನಿನ ಹಣೆಗೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ಹೊಗೆಗೂಡಿಗೆ ಒಂದು ಚೆಂಡುಹೂವು.

"ಲೇ ಅಶ್ವತ್ಥಿ... ಏನೇ ಮಾಡ್ದೆ?"

"ಆಯುಧಪೂಜೆ ಅಲ್ವಾ? ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತೊಳ್ದೆ. ಕೊಳೆ ಇರೋದನ್ನ ದೇವ್ರ ಮುಂದೆ ಹೆಂಗ್ ಮಡಗೋದು? ಹೋದ ವರ್ಷ, ಅದರ ಹಿಂದಿನ ವರ್ಷ ಹಬ್ಬದಾಗ ಮನೇಲಿ ಇಂಜಿನ್ ಇರ್ಲಿಲ್ಲ, ಈ ವರ್ಷ ಐತಲ್ಲ ಅಂತ ಖುಷಿಯಾಯ್ತು. ನಾಳೆ ಮತ್ತೆ ಮೆತ್ಕೊಳ್ಳಿ, ಯಾರು ಬ್ಯಾಡ ಅಂದ್ರು? ಸ್ಟೇಷನ್ನಿಗೆ ತರಬೇಕಂತೆ ಅಂದ್ರು, ಪೂಜೆಗೆ ಅಂತ ಇನ್ನೊಂದಿಷ್ಟು ಕುಂಕುಮ ಇಟ್ಟು ತಂದೆ." ಅವಳ ದನಿ ಸಣ್ಣಗಾಗುತ್ತದೆ. "ಕೈಗೆ ಅದೇನ್ರೀ ಅದು?"

ಇನ್ಸ್‌ಪೆಕ್ಟರು ಇಂಜಿನ್ನನ್ನು ಎತ್ತಿ ಬಿಸಿಲಿಗೆ ಹಿಡಿದು ಎಲ್ಲ ಕಡೆ ತಿರುಗಿಸುತ್ತಾರೆ. "ಪುಸ್ತಕದಲ್ಲಿ ಇನ್ನೂರು ಕಲೆ. ಇದರ ಮೇಲೆ ಒಂದು ತೋರ್ಸೋ."

ಸಂಜೀವಪ್ಪ ಏನು ತೋರಿಸಬೇಕು? ಹಿತ್ತಾಳೆಯಲ್ಲಿ ತನ್ನದೇ ಮುಖ ಕಾಣುತ್ತಿದೆ. ಕೊನೆಗೆ ಹೇಳುತ್ತಾನೆ: "ಪುಸ್ತಕ ನಿಮ್ಮ ಕೈಯಲ್ಲೇ ಇರ್ಲಿ ಸ್ವಾಮಿ, ಮುಚ್ಚೇ ಇರ್ಲಿ. ಇಲ್ಲೇ ಕೂತು ಮತ್ತೆ ಮೆತ್ತುತೀನಿ. ಗಾಡಿ ಬರ್ಲಿ. ಎರಡನ್ನೂ ಪಕ್ಕಪಕ್ಕ ಮಡಗಿ ನೀವೇ ನೋಡಿ."

"ಒಂದು ಕೂದಲು ವ್ಯತ್ಯಾಸ ಬಂದ್ರೂ ಅದೇ ಗಾಡಿ ಹತ್ತಬೇಕು."

"ಆಗ್ಲಿ."

ಉಳಿದಿರುವುದು ಮೂರೂವರೆ ಗಂಟೆ. ಬಣ್ಣದ ಪೆಟ್ಟಿಗೆ ಮನೆಯಲ್ಲಿ. ಇನ್ಸ್‌ಪೆಕ್ಟರು ಇನ್ನೊಬ್ಬರನ್ನು ಕಳಿಸಲು ಒಪ್ಪುವುದಿಲ್ಲ, ಅದರಲ್ಲಿ ಬಾಂಬಿದ್ದರೆ? ಸರಿ, ಸ್ಟೇಷನ್ನೇ ಅಂಗಡಿ. ದೀಪದ ಕೋಣೆಯ ಲಾಟೀನುಗಳಿಂದ ಮಸಿ. ಹಳಿಯ ಪಕ್ಕದ ಕಬ್ಬಿಣದಿಂದ ಕೆರೆದ ತುಕ್ಕು. ಇಂಜಿನ್ನು ಬೂದಿ ಸುರಿಯುವ ಗುಂಡಿಯಿಂದ ಬೂದಿ. ಮಾಸ್ತರ ಡಬ್ಬಿಯಿಂದ ಸುಣ್ಣ. ಪಾರ್ಸಲ್ಲಿಗೆ ಚೀಟಿ ಅಂಟಿಸುವ ಗೋಂದು. ಕುಂಚ? ಅಶ್ವತ್ಥಮ್ಮ ಜಡೆಯನ್ನು ಮುಂದಕ್ಕೆಳೆದು ಗಂಡನ ಕೈಗೆ ಕೊಡುತ್ತಾಳೆ. "ಕಿತ್ಕೊಳ್ಳಿ. ತೊಳೆದಿದ್ದು ನಾನೇ ತಾನೆ?" ಹದಿನೈದು ಕೂದಲನ್ನು ಪೊರಕೆಕಡ್ಡಿಗೆ ಕಟ್ಟಿ, ಒಂದೇ ಕೈಯಲ್ಲಿ ಸಂಜೀವಪ್ಪ ಕೆಲಸಕ್ಕೆ ಕೂರುತ್ತಾನೆ. ಮಾದರಿಯನ್ನು ಹೆಂಡತಿ ಎರಡೂ ಕೈಯಲ್ಲಿ ಹಿಡಿದಿದ್ದಾಳೆ. ಅವಳ ಕೈ ನಡುಗಿದರೆ ಕಲೆ ನಡುಗುತ್ತದೆ. ಅದಕ್ಕೆ ಅವಳು ಉಸಿರನ್ನೇ ಮೂರೂವರೆ ಗಂಟೆ ಬಿಡಲಿಲ್ಲವೆಂದು ಹೇಳಿದರೆ ನಂಬುವುದೇ ಒಳ್ಳೆಯದು.

ಮೊದಲು ಎರಡನೇ ಗಾಲಿಯ ಹಿಂದೆ, ನೀರು ಸೋರಿ ಒಣಗಿದ ಗುರುತಿಗೆ, ಸುಣ್ಣದ ಬಿಳೀ ಗೆರೆ. ಆಮೇಲೆ ಹೊಗೆಗೂಡಿನ ಬಾಯಿಗೆ ಸುಟ್ಟ ಕಪ್ಪು, ಗಾಲಿಗಳಿಗೆ ಎಣ್ಣೆ ಕಪ್ಪು, ಮೆಟ್ಟಿಲಿಗೆ ಕಾಲಿನ ಧೂಳು. ಬಿಸಿಲು ಬೆಂಚಿನ ಕೆಳಗೆ ಬರುವ ಹೊತ್ತಿಗೆ ಇಂಜಿನ್ನು ಮತ್ತೆ ಮುದಿಯಾಗಿದೆ. ವಿಭೂತಿ, ಹೂವು ಹೋಗಿ ಬೆಳಗ್ಗೆ ಆರೂ ಹತ್ತಕ್ಕೆ ಬಂದ ೪೦೭ ಅಶ್ವತ್ಥಮ್ಮನ ಮಡಿಲಲ್ಲಿ ನಿಂತಿದೆ. ಇನ್ಸ್‌ಪೆಕ್ಟರೂ ಒಂದೆರಡು ಸಲ ಬಗ್ಗಿ ನೋಡುತ್ತಾರೆ.

ಮೂರೂ ನಲವತ್ತು. ಸಿಳ್ಳೆ ಕೇಳಿಸುತ್ತದೆ. ತಿರುವಿನಲ್ಲಿ ಗಾಡಿ ಕಾಣಿಸುತ್ತದೆ.

ಬರುತ್ತಿರುವುದು ೪೦೭ ಹೌದು, ಆದರೆ ಅದರ ಎರಡೂ ಕಡೆ ಬಾಳೆಕಂಬ. ಎದೆಯ ಮೇಲೆ ಆನೆಗೆ ಹಾಕುವಂಥ ಚೆಂಡುಹೂವಿನ ಹಾರ. ಹಿತ್ತಾಳೆಯೆಲ್ಲ ಬೆಂಕಿಯಂತೆ ಹೊಳೆಯುತ್ತಿದೆ. ಹೊಗೆಗೂಡಿನ ಬಾಯಿ ಕನ್ನಡಿ, ಗಾಲಿ ಕನ್ನಡಿ. ಹಿಂದೂಪುರದಲ್ಲಿ ಗಾಡಿ ನಿಂತ ಮೂರು ಗಂಟೆಯಲ್ಲಿ ಅಲ್ಲಿಯವರೂ ಆಯುಧಪೂಜೆ ಮಾಡಿದ್ದಾರೆ! ದೇಶದಲ್ಲಿ ಇರುವ ಕತ್ತರಿ, ಕುಡುಗೋಲು, ಇಂಜಿನ್ನುಗಳನ್ನೆಲ್ಲ ಈ ಒಂದು ದಿನ ತೊಳೆಯುತ್ತಾರೆಂಬುದು ಇಲ್ಲಿ ಕೂತಿದ್ದ ಒಬ್ಬರಿಗೂ, ಹನ್ನೊಂದು ವರ್ಷ ಅದನ್ನೇ ಮಾಡಿದ ಸಂಜೀವಪ್ಪನಿಗೂ ನೆನಪಾಗಲಿಲ್ಲ.

ಡ್ರೈವರ್ ಪಿಳ್ಳಪ್ಪ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ್ದಾನೆ. "ನೋಡ್ಲಾ ಸಂಜೀವ, ಹೆಂಗವ್ಳೆ ನಮ್ ಮದುವಣಗಿತ್ತಿ! ಒಂದೇ ಒಂದು ಚುಕ್ಕೆ ಕೊಳೆ ತೋರ್ಸು, ಇಲ್ಲೇ ಮೀಸೆ ಬೋಳಿಸ್ಕೋತೀನಿ!"

ಇನ್ಸ್‌ಪೆಕ್ಟರು ಒಂದು ಕೈಯಲ್ಲಿ ಮಸಿ ಹಿಡಿದ ಮಾದರಿ ಎತ್ತಿ, ಇನ್ನೊಂದು ಕೈಯಿಂದ ಹೊಳೆಯುವ ಇಂಜಿನ್ನನ್ನು ತೋರಿಸುತ್ತಾರೆ. "ಎಲ್ಲೋ ನಿನ್ನ ಕೊಳೆ?"

ನೀರು ಧೋ ಎಂದು ಟ್ಯಾಂಕಿಗೆ ಬೀಳತೊಡಗಿದೆ. ಆರು ನಿಮಿಷದಲ್ಲಿ ಒಂದು ಹೋಯಿತು. ಪೇದೆ ಬೆಂಚಿನ ಬೇಡಿ ಬಿಚ್ಚಿ ತನ್ನ ಕೈಗೆ ಹಾಕಿಕೊಳ್ಳುತ್ತಾನೆ. ಅಶ್ವತ್ಥಮ್ಮ ಸೆರಗು ಬಾಯಿಗೆ ತುರುಕಿದ್ದಾಳೆ. ಸಂಜೀವಪ್ಪ ಮಾತ್ರ ಕದಲದೆ ಇಂಜಿನ್ನನ್ನೇ ನೋಡುತ್ತಿದ್ದಾನೆ. ಎರಡು ನಿಮಿಷ.

"ಪಿಳ್ಳಪ್ಪಣ್ಣ," ಎನ್ನುತ್ತಾನೆ, "ತೊಳೆದೋರು ಹೊಸ ಪಂಚೆ ಉಟ್ಟಿದ್ರಾ?"

"ಹಬ್ಬ ಅಲ್ವೇನ್ಲಾ? ಎಲ್ರೂ ಉಟ್ಟಿದ್ರು. ಯಾಕೆ?"

ಸಂಜೀವಪ್ಪ ಇನ್ಸ್‌ಪೆಕ್ಟರ ಕಡೆ ತಿರುಗುತ್ತಾನೆ. "ಹಂಗಾದ್ರೆ ಸ್ವಾಮಿ, ಎಡಗಡೆ ಎರಡನೇ ಗಾಲಿ ಹಿಂದೆ ನೋಡಿ. ಅಲ್ಲಿಗೆ ಕೈ ಹಾಕ್ಬೇಕಾದ್ರೆ ಮಂಡಿ ಊರಿ ಮಲಗ್ಬೇಕು. ಹೊಸ ಪಂಚೆ ಉಟ್ಟೋನು ಯಾವನೂ ಮಲಗಲ್ಲ. ಹನ್ನೊಂದು ಹಬ್ಬದಾಗ ನಾನೂ ಅಲ್ಲಿ ತೊಳೆದಿಲ್ಲ."

ಇನ್ಸ್‌ಪೆಕ್ಟರು ತಮ್ಮ ಹೊಸ ಖಾಕಿಯನ್ನು ಒಮ್ಮೆ ನೋಡಿಕೊಳ್ಳುತ್ತಾರೆ. ಪೇದೆಯನ್ನು ನೋಡುತ್ತಾರೆ. ಪೇದೆಯ ಕೈ ಬೇಡಿಯಲ್ಲಿದೆ. ಮಾದರಿಯನ್ನು ಅಶ್ವತ್ಥಮ್ಮನಿಗೆ ಕೊಟ್ಟು, ಟೋಪಿ ತೆಗೆದು ಮಾಸ್ತರ ಕೈಗಿಟ್ಟು, ದೀಪ ತೆಗೆದುಕೊಂಡು ಹಳಿಗಿಳಿದು, ಮಂಡಿಯೂರಿ, ಮಲಗಿ, ಗಾಲಿಯ ಹಿಂದಕ್ಕೆ ತಲೆ ತೂರಿಸುತ್ತಾರೆ. ಗಾಡಿಯ ಒಂದು ಕಡೆಯ ಕಿಟಕಿಗಳಿಂದೆಲ್ಲ ತಲೆಗಳು ಹೊರಬಂದಿವೆ. ಸರ್ಕಾರದ ಹಿಂಭಾಗವನ್ನು ಇಷ್ಟು ಜನ ಒಟ್ಟಿಗೆ ನೋಡಿದ್ದು ಈ ಲೈನಿನಲ್ಲಿ ಮೊದಲು. ಆದರೂ ಒಬ್ಬರೂ ನಗುವುದಿಲ್ಲ. ಮೂರು ನಿಮಿಷ. ನಾಲ್ಕು.

ಗಾಲಿಯ ಒಳಗಿನಿಂದ ದನಿ ಬರುತ್ತದೆ. "ಇಲ್ಲೊಂದು ಬಿಳೀ ಗೆರೆ ಐತೆ. ಎಷ್ಟು ಉದ್ದನೋ?"

"ಕೊಳವೆ ಸೇರೋ ತಾವಿಂದ ನಾಲ್ಕು ಬೆರಳು ನೆಟ್ಟಗೆ ಇಳೀತದೆ. ಮೊಳೆ ತಲೆ ಸಿಕ್ಕಿದ ಮೇಲೆ ಕವಲು ಒಡೀತದೆ."

"ಎಡಗವಲು?"

"ಗಿಡ್ಡ, ಸ್ವಾಮಿ."

"ತುದಿ?"

"ತುಕ್ಕು. ಕೆಂಪಲ್ಲ, ಇಟ್ಟಿಗೆ ಬಣ್ಣ."

ನೀರು ನಿಲ್ಲುತ್ತದೆ. ಐದು ನಿಮಿಷ. "ಆಟದ್ದನ್ನ ಕೊಡಿ ಇಲ್ಲಿ," ಎಂದು ಒಂದು ಕೈ ಹೊರಬರುತ್ತದೆ. ಅಶ್ವತ್ಥಮ್ಮ ಓಡಿಹೋಗಿ ಮಾದರಿಯನ್ನು ಆ ಕೈಗಿಡುತ್ತಾಳೆ. ಗಾಲಿಯ ಹಿಂದೆ ದೀಪ ಅತ್ತಿತ್ತ ಆಡುತ್ತದೆ. ಗಾರ್ಡು ಸಿಳ್ಳೆ ಹಾಕಿ, ಕೆಳಗೆ ಮನುಷ್ಯನಿರುವುದು ಕಂಡು, ಸಿಳ್ಳೆಯನ್ನು ಅರ್ಧಕ್ಕೇ ನುಂಗುತ್ತಾನೆ.

ಇನ್ಸ್‌ಪೆಕ್ಟರು ಹೊರಬಂದು ನಿಲ್ಲುತ್ತಾರೆ. ಯಲಹಂಕದ ಕಡೆಯ ಮೀಸೆಗೆ ಎಣ್ಣೆ ಮಸಿ, ಗೌರಿಬಿದನೂರಿನ ಕಡೆಯದಕ್ಕೆ ಬೂದಿ. ಮಾದರಿಯನ್ನು ಅಶ್ವತ್ಥಮ್ಮನ ಕೈಗೆ ಕೊಟ್ಟು ಪೇದೆಗೆ ಹೇಳುತ್ತಾರೆ: "ಬಿಚ್ಚು."

ಪಿಳ್ಳಪ್ಪ ಮೀಸೆ ಮುಚ್ಚಿಕೊಂಡು ಕಿಟಕಿಯಿಂದ ಮಾಯವಾಗುತ್ತಾನೆ.

ಬಿಡುಗಡೆ ಪುಕ್ಕಟೆಯಾಗಿ ಸಿಗಲಿಲ್ಲ. "ನೀನು ಕೇಡಿಗನಲ್ಲ. ಆದ್ರೆ ಈ ಪುಸ್ತಕ ಕೇಡಿಗರ ಕೈಗೆ ಸಿಕ್ರೆ?" ಎಂದು ಇನ್ಸ್‌ಪೆಕ್ಟರು ಮೂರು ವರ್ಷದ ನೂರಾ ಎಂಟು ಕಪ್ಪನ್ನು ಕಂಕುಳಲ್ಲಿಟ್ಟುಕೊಂಡು ಗಾಡಿ ಹತ್ತುತ್ತಾರೆ. ಹತ್ತಿದ ಮೇಲೆ ಇನ್ನೊಂದು ಮಾತು: ಯುದ್ಧ ಮುಗಿಯುವವರೆಗೆ ಸಂಜೀವಪ್ಪ ಪ್ಲಾಟ್‌ಫಾರಮ್ಮಿಗೆ ಕಾಲಿಡಕೂಡದು.

ಮಾದರಿ ಇಂಜಿನ್ನು ಮುಂದಿನ ವಾರ ದಂಡಿಗೆ ಹೋಯಿತು. ಮನೆಗೆ ಹೋದವನೇ ಸಂಜೀವಪ್ಪ ಮೇಲಿನ ಕೊಳೆಯನ್ನೆಲ್ಲ ಒರೆಸಿ, ಪುಟ್ಟ ಬಾಳೆಕಂಬ ಎರಡು ಕಟ್ಟಿ, ಗಾಲಿಯ ಹಿಂದಿನ ಸುಣ್ಣದ ಗೆರೆಯೊಂದನ್ನು ಉಳಿಸಿ ಕಳಿಸಿದ. ಮುದಿ ದೊರೆ ಅದನ್ನು ಅಂಗೈ ಮೇಲಿಟ್ಟುಕೊಂಡು ತಿರುಗಿಸಿ, ಗೆರೆ ಕಂಡು, ಕನ್ನಡಕ ಏರಿಸಿಕೊಂಡು ಮತ್ತೆ ಮತ್ತೆ ನೋಡಿದರಂತೆ. ಪೆಟ್ಟಿಗೆ ಒಯ್ದಿದ್ದ ಗಾರ್ಡು ಬಂದು ಹೇಳಿದ್ದು. ಅಶ್ವತ್ಥಮ್ಮ ಮಾತ್ರ ಸಿಕ್ಕಿದವರಿಗೆಲ್ಲ ತನ್ನ ಪಾಲನ್ನು ಬಿಟ್ಟುಕೊಡದೆ ಹೇಳುತ್ತಾಳೆ: "ಬಣ್ಣ ಅವರದ್ದು. ತೊಳೆದಿದ್ದು ನಾನು."

ಈಗಲೂ ಆರೂ ಹತ್ತಕ್ಕೆ ಸಂಜೀವಪ್ಪ ಹಾಜರು, ಕಂಬಿಬೇಲಿಯ ಆಚೆ, ಇಂಜಿನ್ನಿನಿಂದ ನಲವತ್ತು ಮಾರು ದೂರ. ಕೈಯಲ್ಲಿ ಪುಸ್ತಕವಿಲ್ಲ. ಕಣ್ಣ ಮೇಲೆ ಅಂಗೈ ಅಡ್ಡ ಹಿಡಿದು ನಿಂತವನನ್ನು ಏನು ಬೇಕೆಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾನೆ.

"ಪುಸ್ತಕ ಹೋದ್ರೆ ಹೋಗ್ಲಿ, ಇಂಜಿನ್ನು ದಿನಾ ಕೊಳೆ ಆಗ್ತಾನೇ ಇರ್ತದೆ. ಯುದ್ಧ ಮುಗೀಲಿ, ಆರು ನಿಮಿಷ ಹತ್ರ ಬಿಡ್ಲಿ, ಅಷ್ಟೇ. ಬೇಲಿಯಿಂದ ಎರಡನೇ ಗಾಲಿ ಹಿಂದೆ ಏನೂ ಕಾಣಾಕಿಲ್ಲ. ಆ ಗೆರೆ ಇಷ್ಟೊತ್ತಿಗೆ ಇನ್ನೊಂದು ಬೆರಳು ಇಳಿದಿರ್ತದೆ."